ಕರು ಹಾಕಿದ ಹಸುವಿನಲ್ಲಿ ಕೀಟೋಸಿಸ್: ಕೊಟ್ಟಿಗೆಯಲ್ಲೇ ಪರೀಕ್ಷೆ

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಕೆಲವೇ ವಾರಗಳಲ್ಲಿ ದಾಣಿ ಮಿಶ್ರಣವನ್ನು ಮುಟ್ಟದೆ ಬರಿಯ ಒಣಹುಲ್ಲನ್ನು ಮೇಯತೊಡಗಿದರೆ, ಅದನ್ನು ಅಜೀರ್ಣವೆಂದು ತಳ್ಳಿಹಾಕಬಾರದು. ಇದು ಕೀಟೋಸಿಸ್ ರೋಗದ ಮೊದಲ ಸೂಚನೆಯಾಗಿರಬಹುದು. ತಡಮಾಡಿದರೆ ಹಾಲು ಇಳಿದು, ಆ ಸೂಲಿನಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಏರುವುದು ಕಷ್ಟ.

ಕಾರಣ

ಒಂದು ಲೀಟರ್ ಹಾಲಿನಲ್ಲಿ ಸುಮಾರು 45–50 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ದಿನಕ್ಕೆ 20 ಲೀಟರ್ ಕೊಡುವ ಹಸು ಹೆಚ್ಚುಕಡಿಮೆ 1 ಕಿಲೋ ಸಕ್ಕರೆಯನ್ನು ಹಾಲಿನಲ್ಲಿ ಹೊರಹಾಕುತ್ತದೆ. ತಿಂದ ಮೇವು ಇದಕ್ಕೆ ಸಾಲದಿದ್ದಾಗ ರಕ್ತದ ಸಕ್ಕರೆ ಕುಗ್ಗುತ್ತದೆ. ಆರೋಗ್ಯವಂತ ಹಸುವಿನ 100 ಮಿ.ಲೀ. ರಕ್ತದಲ್ಲಿ ಸುಮಾರು 45–75 ಮಿ.ಗ್ರಾಂ ಇರಬೇಕಾದ ಸಕ್ಕರೆ, ರೋಗದಲ್ಲಿ ಸಾಮಾನ್ಯವಾಗಿ 40ಕ್ಕಿಂತ ಕೆಳಗಿಳಿಯುತ್ತದೆ. ಆಗ ಮೈಯ ಕೊಬ್ಬು ಕರಗಿ, ಕೀಟೋನುಗಳೆಂಬ ಪದಾರ್ಥಗಳು ರಕ್ತ, ಮೂತ್ರ ಮತ್ತು ಹಾಲಿನಲ್ಲಿ ಸೇರುತ್ತವೆ.

ಲಕ್ಷಣಗಳು

ಹಾಲು ಇಳಿಯುವುದು, ಮೈ ಬೇಗನೆ ಬಡವಾಗುವುದು, ಸೆಗಣಿ ಗಟ್ಟಿಯಾಗುವುದು, ಉಸಿರಿನಲ್ಲಿ ಸಿಹಿ ವಾಸನೆ ಬರುವುದು ಮುಖ್ಯ ಲಕ್ಷಣಗಳು. ಕೆಲವು ಹಸುಗಳು ಗೋದಲಿಯನ್ನೋ ತಮ್ಮ ಮೈಯನ್ನೋ ಬಿಡದೆ ನೆಕ್ಕುತ್ತವೆ. ಸಾಮಾನ್ಯವಾಗಿ ಜ್ವರವಿರುವುದಿಲ್ಲ.

ಪರೀಕ್ಷಿಸುವ ವಿಧಾನ

ಮಧುಮೇಹಿಗಳ ಮೂತ್ರದಲ್ಲಿ ಕೀಟೋನು ನೋಡಲು ಔಷಧಿ ಅಂಗಡಿಯಲ್ಲಿ ದೊರೆಯುವ ಪಟ್ಟಿಯೇ ಹಸುವಿಗೂ ಸಾಕು. ಮಧುಮೇಹಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಏರಿದಾಗ ಕಾಣುವ ಕೀಟೋನು, ಹಸುವಿನಲ್ಲಿ ಸಕ್ಕರೆ ಇಳಿದಾಗ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

1. ಯೋನಿಯ ಕೆಳಭಾಗದ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಹಸು ಮೂತ್ರ ಮಾಡುತ್ತದೆ. ಶುಚಿಯಾದ ಒಣ ಲೋಟದಲ್ಲಿ ಹಿಡಿಯಬೇಕು.
2. ಪಟ್ಟಿಯ ಬಣ್ಣದ ತುದಿಯನ್ನು ಮುಟ್ಟದೆ, ತಾಜಾ ಮೂತ್ರದಲ್ಲಿ ಅದ್ದಿ ತೆಗೆಯಬೇಕು.
3. ಡಬ್ಬಿಯ ಮೇಲೆ ತಿಳಿಸಿದಷ್ಟು ಸೆಕೆಂಡು ಬಿಟ್ಟು, ಹಗಲು ಬೆಳಕಿನಲ್ಲಿ ಅದರ ಬಣ್ಣದ ಚಿತ್ರದೊಡನೆ ಹೋಲಿಸಬೇಕು. ಬಣ್ಣ ಗಾಢ ನೇರಳೆಯತ್ತ ತಿರುಗಿದಷ್ಟೂ ಕೀಟೋನು ಹೆಚ್ಚು.

ಅವಧಿ ಮೀರಿದ ಅಥವಾ ತೇವ ತಗುಲಿದ ಪಟ್ಟಿ ಸುಳ್ಳು ಹೇಳುತ್ತದೆ. ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ. ಕರು ಹಾಕಿದ ಮೊದಲ 6 ವಾರ ವಾರಕ್ಕೊಮ್ಮೆ ಪರೀಕ್ಷಿಸಿ, ಅಂದಿನ ಹಾಲಿನ ಅಳತೆಯೊಡನೆ ಬರೆದಿಡುವುದು ಒಳ್ಳೆಯದು. ಚೆನ್ನಾಗಿ ಮೇಯುವ ಹಸುವಿನಲ್ಲಿ ತಿಳಿ ಬಣ್ಣ ಬಂದರೆ ಗಾಬರಿ ಬೇಡ. ಮರುದಿನ ಮತ್ತೆ ನೋಡಬೇಕು.

ಚಿಕಿತ್ಸೆ

ಬಣ್ಣ ಗಾಢವಾಗಿದ್ದರೆ ಅಂದೇ ಪಶುವೈದ್ಯರನ್ನು ಕರೆಸಬೇಕು. ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಹೊಟ್ಟೆ ಸೇರಿದ ಮೊಳೆ–ತಂತಿ ಇವುಗಳಿಂದ ಮೇವು ಬಿಟ್ಟ ಹಸುವಿನಲ್ಲೂ ಕೀಟೋನು ಕಾಣಬಹುದು. ಪಟ್ಟಿ ರೋಗವನ್ನು ಸೂಚಿಸುತ್ತದೆ, ಮೂಲವನ್ನು ತಿಳಿಸುವುದಿಲ್ಲ. ವೈದ್ಯರು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಸೂಚಿಸಬಹುದು.

ಸಕ್ಕರೆ ಕಡಿಮೆಯಾಗಿದೆಯೆಂದು ಬೆಲ್ಲ ತಿನ್ನಿಸುವುದರಿಂದ ಪ್ರಯೋಜನ ಅಲ್ಪ. ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿಬಿಡುತ್ತವೆ. ಅತಿಯಾದರೆ ಆಮ್ಲತೆ ಹೆಚ್ಚಿ, ಹಸು ಇದ್ದ ಮೇವನ್ನೂ ಬಿಡುತ್ತದೆ.

ಮುಂಜಾಗ್ರತೆ

ಗಬ್ಬದ ಕೊನೆಯ ದಿನಗಳಲ್ಲಿ ಹಸು ಅತಿಯಾಗಿ ಕೊಬ್ಬಬಾರದು. ಕರು ಹಾಕಿದ ಮೇಲೆ ದಾಣಿ ಮಿಶ್ರಣವನ್ನು ಒಮ್ಮೆಲೇ ಸುರಿಯದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಜೊತೆಗೆ ಒಳ್ಳೆಯ ಹಸಿರು ಮೇವು ಕೊಡಬೇಕು. ಒಂದು ಸೂಲಿನಲ್ಲಿ ಈ ರೋಗ ಬಂದ ಹಸುವಿನ ಮೇಲೆ ಮುಂದಿನ ಸೂಲಿನಲ್ಲಿ ಹೆಚ್ಚಿನ ನಿಗಾ ಇಡುವುದು ಅವಶ್ಯಕ.