ಬೀದಿಯ ಅಂಚು

ಊರು ಎಂದರೆ ಮನೆಗಳ ಗುಂಪು ಮಾತ್ರವಲ್ಲ. ಆ ಮನೆಗಳನ್ನು ಒಂದಕ್ಕೊಂದು ಕೂಡಿಸುವ ಬೀದಿಗಳೂ ಊರೇ. ಮನೆಗೆ ಒಡೆಯನುಂಟು, ಹೊಲಕ್ಕೆ ಒಡೆಯನುಂಟು. ಬೀದಿಗೆ ಮಾತ್ರ ಎಲ್ಲರೂ ಒಡೆಯರು. ಎಲ್ಲರಿಗೂ ಸೇರಿದ ವಸ್ತುವನ್ನು ಯಾರಾದರೊಬ್ಬರು ತಮ್ಮದೆಂದು ಬಳಸತೊಡಗಿದಾಗ ತೊಡಕು ಹುಟ್ಟುತ್ತದೆ. ಇಂದಿನ ಊರುಗಳಲ್ಲಿ ಈ ತೊಡಕು ದಿನನಿತ್ಯವೂ ಕಾಣಿಸಿಕೊಳ್ಳುವುದು ವಾಹನಗಳನ್ನು ನಿಲ್ಲಿಸುವ ವಿಷಯದಲ್ಲಿ.

ವಿಜಯನಗರ ಜಿಲ್ಲೆಯ ಹೊಸಪೇಟೆಗೆ ಸೇರಿದಂತಿರುವ ಟಿ.ಬಿ. ಡ್ಯಾಂ ವಸತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ತುಂಗಭದ್ರಾ ಅಣೆಕಟ್ಟೆಯ ಕಾರ್ಯ 1945ರಲ್ಲಿ ಆರಂಭವಾಯಿತು. 1953ರಲ್ಲಿ ಜಲಾಶಯ ಬಳಕೆಗೆ ಬಂದಿತು. ಆ ಮಹಾಕಾರ್ಯದಲ್ಲಿ ತೊಡಗಿದವರಿಗಾಗಿ ಬೆಳೆದ ನೆಲೆ ಇದು. ಅಂದು ಬೀದಿಗಳಲ್ಲಿ ಓಡಾಡುತ್ತಿದ್ದುದು ಹೆಚ್ಚಾಗಿ ಕಾಲ್ನಡೆಯ ಜನ, ಸೈಕಲ್ಲುಗಳು, ಎತ್ತಿನ ಬಂಡಿಗಳು. ಮೋಟಾರು ಕಾರು ಅಪರೂಪದ ನೋಟ. ಇಂದು ಬೈಕು ಇಲ್ಲದ ಮನೆಯೇ ಅಪರೂಪ. ಮಳೆಗಾಲದಲ್ಲಿ ಜಲಾಶಯ ತುಂಬಿ, ಗೇಟುಗಳಿಂದ ನೀರು ಧುಮ್ಮಿಕ್ಕತೊಡಗಿದರೆ ಆ ಸೊಬಗನ್ನು ಕಾಣಲು ದೂರದೂರದಿಂದ ಜನ ಬರುತ್ತಾರೆ. ದೊಡ್ಡ ರಸ್ತೆಯ ಅಂಚು ತುಂಬಿದ ಮೇಲೆ, ತಡವಾಗಿ ಬಂದವರು ಹತ್ತಿರದ ಓಣಿಗಳಲ್ಲಿ ಜಾಗ ಹುಡುಕುತ್ತಾರೆ. ಯಾರದೋ ಮನೆಯ ಗೇಟಿನ ಮುಂದೆ ಕಾರು ನಿಲ್ಲುತ್ತದೆ; ಮನೆಯವರು ಹೊರಗೆ ಬರಲಾರದೆ ಪರದಾಡುತ್ತಾರೆ. ಬೇಸತ್ತ ಮನೆಯವರು ಮರುದಿನ ಬೀದಿಯಲ್ಲಿ ಕಲ್ಲುಗಳನ್ನಿಟ್ಟು ಆ ಜಾಗವನ್ನು ಕಾದಿರಿಸಿಕೊಳ್ಳುತ್ತಾರೆ. ಬಂದವರು ಮನೆಯವರ ದಾರಿಯನ್ನು ಮರೆತರು. ಮನೆಯವರು ಬೀದಿ ತಮ್ಮ ಅಂಗಳವಲ್ಲವೆಂಬುದನ್ನು ಮರೆತರು.

ಈ ಇಕ್ಕಟ್ಟಿನ ಮೂಲ ಸರಳವಾದ ಲೆಕ್ಕದಲ್ಲಿದೆ. ಒಂದು ಓಣಿಯ ಅಗಲ 6 ಮೀಟರ್ ಎಂದುಕೊಳ್ಳೋಣ. ಸಾಮಾನ್ಯ ಕಾರಿನ ಅಗಲ ಸುಮಾರು 1.75 ಮೀಟರ್. ಎರಡೂ ಬದಿಗಳಲ್ಲಿ ಕಾರುಗಳು ನಿಂತರೆ 3.5 ಮೀಟರ್ ಹೋಗಿ, ಉಳಿಯುವುದು 2.5 ಮೀಟರ್ ಮಾತ್ರ. ಬೆಂಕಿ ಆರಿಸುವ ದೊಡ್ಡ ವಾಹನದ ಅಗಲವೇ ಸುಮಾರು ಅಷ್ಟು. ಒಂದೇ ಬದಿಯಲ್ಲಿ ನಿಂತರೆ ನಾಲ್ಕು ಮೀಟರಿಗಿಂತ ಹೆಚ್ಚು ದಾರಿ ಉಳಿಯುತ್ತದೆ. ಇನ್ನೊಂದು ಲೆಕ್ಕವನ್ನೂ ನೋಡಬೇಕು. ದಿನಕ್ಕೆ ಒಂದು ಗಂಟೆ ಓಡುವ ಕಾರು ಉಳಿದ 23 ಗಂಟೆ ಎಲ್ಲಿಯೋ ನಿಂತಿರಲೇಬೇಕು. ಆದುದರಿಂದ ವಾಹನ ಕೊಳ್ಳುವವರು ಅದನ್ನು ಓಡಿಸುವ ದಾರಿಗಿಂತ ಮೊದಲು ನಿಲ್ಲಿಸುವ ತಾಣವನ್ನು ಯೋಚಿಸುವುದು ಉಚಿತ. ಮನೆಯ ಕೆಳಗೆ ವಾಹನಕ್ಕೆಂದು ಬಿಟ್ಟ ಜಾಗವನ್ನೇ ಅಂಗಡಿಯಾಗಿ ಬಾಡಿಗೆಗೆ ಕೊಟ್ಟು, ಕಾರನ್ನು ಬೀದಿಗೆ ತಳ್ಳಿದರೆ, ಬಾಡಿಗೆಯ ಲಾಭ ಒಬ್ಬರಿಗೆ, ಇಕ್ಕಟ್ಟಿನ ನಷ್ಟ ಓಣಿಯವರೆಲ್ಲರಿಗೆ.

ಜಾಗದ ಹುಡುಕಾಟಕ್ಕೂ ಬೆಲೆಯುಂಟು. ಇಪ್ಪತ್ತು ವಾಹನಗಳು 400 ಮೀಟರಿನ ಒಂದು ಸುತ್ತನ್ನು ಮೂರು ಮೂರು ಸಲ ಸುತ್ತಿದರೆ ಒಟ್ಟು 24 ಕಿಲೋಮೀಟರ್ ಆಯಿತು. ಇದು ಹೆಚ್ಚುಕಡಿಮೆ ಹೊಸಪೇಟೆಯಿಂದ ಹಂಪಿಗೆ ಹೋಗಿಬರುವ ದೂರ. ಇಷ್ಟು ಇಂಧನ ಉರಿದರೂ ಯಾರೂ ಎಲ್ಲಿಗೂ ತಲುಪಿದಂತಾಗಲಿಲ್ಲ. ಹೊಗೆಯನ್ನು ಮಾತ್ರ ಓಣಿಯ ಮಕ್ಕಳೂ ಮುದುಕರೂ ಉಸಿರಾಡಿದರು.

ಈ ಸಮಸ್ಯೆಗೆ ಬೇರೆ ಬೇರೆ ದೇಶಗಳು ತಮ್ಮದೇ ದಾರಿಗಳನ್ನು ಕಂಡುಕೊಂಡಿವೆ. ಅಮೆರಿಕದ ಒಕ್ಲಹೋಮ ನಗರದಲ್ಲಿ 1935ರಲ್ಲಿ ನಿಲುಗಡೆಯ ಮೀಟರನ್ನು ಮೊದಲಿಗೆ ನೆಟ್ಟರು. ನಾಣ್ಯ ಹಾಕಿದಷ್ಟು ಹೊತ್ತು ಮಾತ್ರ ವಾಹನ ನಿಲ್ಲಬಹುದಾಗಿತ್ತು. ಜಪಾನಿನಲ್ಲಿ 1962ರಲ್ಲಿ ಕಾನೂನೊಂದು ಬಂದಿತು. ಅದರಂತೆ ಅಲ್ಲಿ ಸಾಮಾನ್ಯವಾಗಿ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಬೀದಿಯ ಹೊರಗೆ ಜಾಗವಿದೆಯೆಂದು ತೋರಿಸಬೇಕು. ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯಂಚು ಬಿಟ್ಟಿಯಾಗಿ ದೊರೆಯುವುದರಿಂದಲೇ ಜನ ಅದನ್ನು ಮಿತಿಯಿಲ್ಲದೆ ಬಳಸುತ್ತಾರೆಂದು ವಾದಿಸಿದರು. ಪ್ರತಿ ಬೀದಿಯಲ್ಲಿಯೂ ಒಂದೆರಡು ಜಾಗ ಸದಾ ಖಾಲಿ ಉಳಿಯುವಂತೆ ಶುಲ್ಕವಿರಬೇಕೆಂಬುದು ಅವರ ಅಭಿಪ್ರಾಯ. ಶುಲ್ಕವು ಬಡವರಿಗೆ ಹೊರೆಯಾಗಬಾರದೆಂಬ ಮಾತೂ ನಿಜ. ಆದರೆ ಬೀದಿಯನ್ನು ಹೆಚ್ಚು ಆಕ್ರಮಿಸುವುದು ಕಾರು. ಕಾರಿಲ್ಲದವರು ಆ ಬೀದಿಯಲ್ಲಿ ನಡೆಯಲು ಸಹ ಎಡೆ ಕಾಣದೆ ಹೋಗುತ್ತಾರೆ ಎಂಬುದನ್ನೂ ತೂಗಿ ನೋಡಬೇಕು.

ಹಂಚಿ ಬಳಸುವ ಪಾಠವನ್ನು ಟಿ.ಬಿ. ಡ್ಯಾಮಿನ ಜನ ಹೊರಗಿನಿಂದ ಕಲಿಯಬೇಕಾದುದಿಲ್ಲ. ಅಣೆಕಟ್ಟೆಯ ನೀರೇ ಅದನ್ನು ಕಲಿಸುತ್ತದೆ. ಕಾಲುವೆಯ ಮೇಲ್ಭಾಗದ ರೈತರು ಮಿತಿಮೀರಿ ನೀರೆಳೆದುಕೊಂಡರೆ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪದು. ಅದಕ್ಕೆಂದೇ ಸರದಿಯ ಏರ್ಪಾಡು. ಬೀದಿಯಂಚೂ ಕಾಲುವೆಯ ನೀರಿನಂತೆಯೇ. ಅಂಗಡಿಗೆ ಬಂದವರು ಅರ್ಧ ಗಂಟೆಯಲ್ಲಿ ಹೊರಟರೆ ಮತ್ತೊಬ್ಬರಿಗೆ ಜಾಗವಾಗುತ್ತದೆ. ಒಂದೇ ವಾಹನ ಬೆಳಗಿನಿಂದ ಸಂಜೆಯವರೆಗೆ ನಿಂತರೆ ಹತ್ತು ಜನರ ಸರದಿ ತಪ್ಪುತ್ತದೆ.

ಸಮೀಪದ ಹಂಪಿಯಲ್ಲಿ ಇನ್ನೊಂದು ಮಾದರಿಯಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರದಲ್ಲಿ, ವಿಜಯವಿಠ್ಠಲ ದೇವಾಲಯಕ್ಕೆ ಬರುವವರು ತಮ್ಮ ವಾಹನಗಳನ್ನು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿಯೇ ಬಿಟ್ಟು, ಬ್ಯಾಟರಿ ವಾಹನದಲ್ಲಿ ಅಥವಾ ನಡೆದು ಹೋಗುತ್ತಾರೆ. ಇದರಿಂದ ಯಾತ್ರೆಯ ಸಂತೋಷವೇನೂ ಕುಂದಿಲ್ಲ. ಅಣೆಕಟ್ಟೆ ತುಂಬಿದ ದಿನಗಳಲ್ಲಿಯೂ ವಾಹನಗಳನ್ನು ವಸತಿಯಿಂದ ಹೊರಗೆ ಒಂದು ಬಯಲಿನಲ್ಲಿ ನಿಲ್ಲಿಸಿ, ಜನ ನಡೆದು ಬರುವಂತೆ ಮಾಡಿದರೆ ಓಣಿಯವರಿಗೂ ನೆಮ್ಮದಿ, ಬಂದವರಿಗೂ ಹುಡುಕಾಟದ ದಣಿವಿಲ್ಲ.

ಕಾನೂನು ಹೇಳುವುದೂ ಇದನ್ನೇ. ಇತರರಿಗೆ ಅಪಾಯ, ಅಡ್ಡಿ ಅಥವಾ ಅನುಚಿತ ತೊಂದರೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಿಟ್ಟುಹೋಗಬಾರದೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ. ದಾರಿ ತೆರೆದಿರಬೇಕಾದ ಅಗತ್ಯ ಯಾವ ಗಳಿಗೆಯಲ್ಲಿ ಒದಗುವುದೋ ಹೇಳಲಾಗದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಆಗ ಭಾರೀ ಉಕ್ಕಿನ ತಡೆಹಲಗೆಗಳನ್ನು ವಾಹನಗಳ ಮೇಲೆ ಅಣೆಕಟ್ಟೆಗೆ ಸಾಗಿಸಿ, ಹರಿಯುವ ನೀರಿನಲ್ಲಿಯೇ ಇಳಿಸಿ, ಒಂದು ವಾರದ ಅವಧಿಯಲ್ಲಿ ಪ್ರವಾಹವನ್ನು ತಡೆಯಲಾಯಿತು. ಅಂಥ ಹೊತ್ತಿನಲ್ಲಿ ರಸ್ತೆಯಂಚಿನ ಒಂದು ಕಾರು ಎಷ್ಟೋ ರೈತರ ಬೆಳೆಗೆ ಅಡ್ಡ ನಿಲ್ಲಬಹುದು.

ಹಂಪಿಯ ವಿರೂಪಾಕ್ಷನ ತೇರು ಹೊರಡುವ ದಿನ ರಥಬೀದಿಯ ನಡುವೆ ಯಾರೂ ಬಂಡಿ ಬಿಡುವುದಿಲ್ಲ. ತೇರು ಬರುವ ದಿನ ಎಲ್ಲರಿಗೂ ತಿಳಿದಿರುತ್ತದೆ. ಆದರೆ ಹೆರಿಗೆಯ ನೋವಿನ ತಾಯಿಯನ್ನೋ ಎದೆನೋವಿನ ಮುದುಕನನ್ನೋ ಕರೆದೊಯ್ಯಲು ಬರುವ ಆಂಬುಲೆನ್ಸ್ ಮೊದಲೇ ದಿನ ಗೊತ್ತುಮಾಡಿ ಬರುವುದಿಲ್ಲ. ಆದುದರಿಂದ ವಾಹನವನ್ನು ನಿಲ್ಲಿಸಿ ಬೀಗ ಹಾಕುವ ಮುನ್ನ ಪ್ರತಿಯೊಬ್ಬರೂ ಒಮ್ಮೆ ಹಿಂದಿರುಗಿ ನೋಡಿ, ಆ ಓಣಿಯಲ್ಲಿ ಆಂಬುಲೆನ್ಸ್ ಹಾದುಹೋಗುವಷ್ಟು ದಾರಿ ಉಳಿದಿದೆಯೇ ಎಂದು ಕೇಳಿಕೊಳ್ಳುವುದು ನಾಗರಿಕನ ಮೊದಲ ಕರ್ತವ್ಯ.