ಬೆಕ್ಕಿಗೆ ಹತ್ತು ದಾಟಿತೇ? ತಕ್ಕಡಿ ತೆಗೆಯಿರಿ

ನೋವಾದರೆ ಬೆಕ್ಕು ಕೂಗಾಡುವುದಿಲ್ಲ. ಮಂಚದಡಿ ಸೇರಿಕೊಂಡು ಸುಮ್ಮನಾಗುತ್ತದೆ. ‘ವಯಸ್ಸಾಯಿತಲ್ಲ’ ಎಂದು ನಾವೂ ಸುಮ್ಮನಾಗುತ್ತೇವೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಮೂತ್ರಪಿಂಡದ ತೊಂದರೆ, ಥೈರಾಯ್ಡ್ ಹೆಚ್ಚಳ, ಸಕ್ಕರೆ ಕಾಯಿಲೆ, ಸಂಧಿವಾತ, ವಸಡಿನ ರೋಗ ಸಾಮಾನ್ಯ. ಬೇಗ ಗೊತ್ತಾದರೆ ಇವುಗಳಲ್ಲಿ ಬಹುಪಾಲನ್ನು ಹಿಡಿತದಲ್ಲಿಡಬಹುದು.

ಮೊದಲ ಕೆಲಸ ತೂಕ. ತಿಂಗಳಿಗೊಮ್ಮೆ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಎಳೆಮಕ್ಕಳ ತೂಕದ ಯಂತ್ರದ ಮೇಲಿಟ್ಟು, ಬಂದ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆಯಿರಿ. ನಾಲ್ಕು ಕೆಜಿಯ ಬೆಕ್ಕು 400 ಗ್ರಾಂ ಇಳಿದರೆ ಅರವತ್ತು ಕೆಜಿಯ ಮನುಷ್ಯ ಆರು ಕೆಜಿ ಇಳಿದಂತೆ. ರೋಮದ ಮರೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ‘ಹಸಿವು ಚೆನ್ನಾಗಿದೆ’ ಎಂದು ಸಮಾಧಾನಪಡಬೇಡಿ. ಥೈರಾಯ್ಡ್, ಸಕ್ಕರೆ ಎರಡರ ಲಕ್ಷಣವೂ ಅದೇ.

ಎರಡನೆಯದು ನೀರು. ಬಟ್ಟಲಿಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ದಿನಕ್ಕೆ ಕೆಜಿ ತೂಕಕ್ಕೆ 100 ಮಿಲಿಗಿಂತ ಹೆಚ್ಚು ಕುಡಿದರೆ ಅದು ಖಂಡಿತ ಅತಿಯಾಯಿತು. ಅಷ್ಟಿಲ್ಲದಿದ್ದರೂ ಮೊದಲಿಗಿಂತ ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಿ. ಬೀದಿ ಸುತ್ತುವ ಬೆಕ್ಕಿನ ಲೆಕ್ಕ ಸಿಗದು. ಹೊಸದಾಗಿ ಬಕೆಟ್ಟು, ನಲ್ಲಿಯ ಬಳಿ ಸುಳಿಯುತ್ತಿದೆಯೇ ನೋಡಿ.

ಮೂರನೆಯದು ನಡಿಗೆ. ಕಿಟಕಿಗೆ ಒಂದೇ ನೆಗೆತಕ್ಕೆ ಏರುತ್ತಿದ್ದದ್ದು ಈಗ ಕುರ್ಚಿ ಹತ್ತಿ ಹೋಗುತ್ತಿದೆಯೇ? ಬೆನ್ನ ಕೂದಲು ಗಂಟುಕಟ್ಟಿದೆಯೇ? ಕೀಲುನೋವಿರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಅದು ಮುದುಡಿ ಕೂರುವುದೇ ಹೊರತು ಒಂದು ಹೆಜ್ಜೆಯೂ ಇಡದು.

ಇನ್ನು ತಪಾಸಣೆ. ಏಳು ವರ್ಷದಿಂದ ವರ್ಷಕ್ಕೊಮ್ಮೆ, ಹತ್ತರ ನಂತರ ಆರು ತಿಂಗಳಿಗೊಮ್ಮೆ. ರಕ್ತದ ಜೊತೆ ಮೂತ್ರ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಖರ್ಚು ಉಳಿಸಲು ಜನ ಬಿಡುವುದು ಇದನ್ನೇ, ಬಿಡಬಾರದ್ದೂ ಇದನ್ನೇ. ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗದ ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಏರದೇ ಇರಬಹುದು. ಮೂತ್ರ ತೆಳುವಾಗುವುದು ಸಾಮಾನ್ಯವಾಗಿ ಅದಕ್ಕೂ ಮೊದಲೇ. ಥೈರಾಯ್ಡಿಗೆ ಟಿ-4 ಪರೀಕ್ಷೆ. ಸಕ್ಕರೆ ಅಂಶ ಹೆದರಿಕೆಗೂ ಏರುವುದರಿಂದ, ಹೆಚ್ಚು ಬಂದರೆ ಫ್ರಕ್ಟೋಸಮೀನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ರಕ್ತದೊತ್ತಡ ಏರಿದರೆ ಬೆಕ್ಕಿಗೆ ರಾತ್ರೋರಾತ್ರಿ ಕಣ್ಣು ಹೋಗಬಹುದು. ಅದನ್ನು ಅಳೆಯುವ ಸಾಧನ ಎಲ್ಲ ಕಡೆ ಇರುವುದಿಲ್ಲ, ಫೋನಿನಲ್ಲೇ ವಿಚಾರಿಸಿ ಹೊರಡಿ. ಒಯ್ಯುವ ಬುಟ್ಟಿಯನ್ನು ವಾರ ಮೊದಲೇ ಮನೆಯಲ್ಲಿ ತೆರೆದಿಟ್ಟರೆ ಪರಚಿಸಿಕೊಳ್ಳುವುದು ತಪ್ಪುತ್ತದೆ.

ಬಾಯಿ ತೆರೆದು ಏದುಸಿರು, ಮುಕ್ಕಿದರೂ ಮೂತ್ರ ಬಾರದಿರುವುದು, ಹಿಂಗಾಲು ಸ್ವಾಧೀನ ತಪ್ಪುವುದು: ಇವಕ್ಕೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಇಡೀ ದಿನ ಏನನ್ನೂ ಮುಟ್ಟದಿದ್ದರೂ ವೈದ್ಯರಿಗೆ ಫೋನ್ ಮಾಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಒಂದೇ ಮಾತ್ರೆ ಸಾಕು, ಬೆಕ್ಕು ಸಾಯಬಹುದು.