ನೊರೆ ಹೆಚ್ಚಾದರೆ ಒಳ್ಳೆಯ ಸೋಪೇ?

ಕೊಯಮತ್ತೂರಿನ ದಕ್ಷಿಣಕ್ಕಿರುವ ಕುರಿಚಿಯಲ್ಲಿ ಸಿಡ್ಕೊ ಕೈಗಾರಿಕಾ ವಸಾಹತು ಇದೆ. ಇಂಥ ಕಡೆ ಲೇತ್, ಎರಕ, ಪಂಪ್‌ಸೆಟ್ಟಿನ ಕೆಲಸ ಮಾಡುವವರ ಕೈಗೆ ಗ್ರೀಸು ಹತ್ತದೆ ಇರುವುದಿಲ್ಲ. ಸಂಜೆ ಆ ಕೈಗೆ ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕುವವರು ಬಹಳ. ಕೊಳೆ ಹೋಗುತ್ತದೆ, ನಿಜ. ಆದರೆ ಕೆಲವು ವಾರಗಳಲ್ಲಿ ಬೆರಳ ಸಂದು ಕೆಂಪಾಗಿ, ಉರಿದು, ಬಿರಿಯುತ್ತದೆ. ಕೊಳೆ ಉಳಿದು ಕಜ್ಜಿಯಾಯಿತೆಂದು ಇನ್ನಷ್ಟು ತಿಕ್ಕುತ್ತಾರೆ! ಬಿರಿದ ಕೈಯಲ್ಲಿ ಸ್ಪಾನರ್ ಹಿಡಿಯಲಾದೀತೇ? ದಿನಗೂಲಿಯವರಿಗೆ ಅದು ಅನ್ನದ ಪ್ರಶ್ನೆ.

ಜಿಡ್ಡನ್ನು ನೀರಿನೊಡನೆ ಬೆರೆಸುವ ವಸ್ತುವಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಗ್ರೀಸಿನ ಜಿಡ್ಡು ಯಾವುದು, ಚರ್ಮದ ಜಿಡ್ಡು ಯಾವುದು ಎಂಬ ಭೇದ ಅದಕ್ಕಿಲ್ಲ. ಚರ್ಮದ ಹೊರಪದರ ಒಂದು ಗೋಡೆಯಾದರೆ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಗಾರೆ ಸಡಿಲವಾದರೆ ಒಳಗಿನ ತೇವ ಆರುತ್ತದೆ, ಸರ್ಫ್ಯಾಕ್ಟಂಟ್ ಒಳಗಿಳಿದು ಪ್ರೋಟೀನನ್ನೂ ಕೆಡಿಸುತ್ತದೆ. ಮೇಲಾಗಿ ಚರ್ಮದ ಪಿ.ಎಚ್. ಸುಮಾರು 5, ಮಾಮೂಲಿ ಸೋಪಿನದು 9ರಿಂದ 10.

ಎಲ್ಲ ಸರ್ಫ್ಯಾಕ್ಟಂಟ್‌ಗಳೂ ಒಂದೇ ಅಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಎಷ್ಟು ಖಾರವೆಂದರೆ, ಸಂಶೋಧಕರು ಚರ್ಮದಲ್ಲಿ ಬೇಕೆಂದೇ ಉರಿ ಎಬ್ಬಿಸಿ ನೋಡಲು ಅದನ್ನೇ ಬಳಸುತ್ತಾರೆ. ಲಾರೆತ್ ಸಲ್ಫೇಟ್ ಅದಕ್ಕಿಂತ ಸೌಮ್ಯ. ಜೊತೆಗೆ ಕೋಕಮಿಡೋಪ್ರೊಪೈಲ್ ಬೀಟೇನ್ ಇದ್ದರೆ ಇನ್ನೂ ತಗ್ಗುತ್ತದೆ. ತೆಂಗಿನೆಣ್ಣೆಯ ಆಮ್ಲಗಳಿಂದ ಮಾಡುವ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಬಹಳ ಮೃದು. ಹೆಸರುಗಳು ನಾಲಿಗೆಗೆ ಹೊರಳವು, ಆದರೂ ಪೊಟ್ಟಣದ ಮೇಲೆ ಹುಡುಕಿ ನೋಡಿ. ಅಲ್ಲಿನ ಟಿ.ಎಫ್.ಎಂ. ಅಂಕಿ ಕೊಬ್ಬಿನಂಶವನ್ನು ಹೇಳುತ್ತದೆ. 76 ಇದ್ದರೂ ಅದು ಸೋಪೇ, ಕ್ಷಾರವೇ. ಸೀಗೆ, ಅಂಟುವಾಳಗಳ ನೊರೆಯೂ ಸ್ಯಾಪೊನಿನ್ ಎಂಬ ಸರ್ಫ್ಯಾಕ್ಟಂಟಿನದೇ. ಗಿಡದ್ದೆಂದ ಮಾತ್ರಕ್ಕೆ ಮೃದುವಲ್ಲ. ಅಂಟುವಾಳದ ನೀರು ಕಣ್ಣಿಗೆ ಬಿದ್ದವರನ್ನು ಕೇಳಿ!

ಗ್ರೀಸಿನ ಕೈಗೆ ಮೊದಲು ತುಸು ಕೊಬ್ಬರಿ ಎಣ್ಣೆ ಸವರಿ, ಲೋಹದ ಚೂರಿಲ್ಲದ ಶುಭ್ರ ಬಟ್ಟೆಯಿಂದ ಒರೆಸಿರಿ. ಅರ್ಧ ಕೆಲಸ ಅಲ್ಲೇ ಆಯಿತು. ಬಳಿಕ ಮೃದುವಾದದ್ದನ್ನು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಉರಿಯನ್ನು ಹೆಚ್ಚಿಸುತ್ತದೆ. ಉಂಗುರದ ಅಡಿಯಲ್ಲಿ ನೊರೆ ಉಳಿಯಬಾರದು. ತೇವ ಪೂರ್ತಿ ಆರುವ ಮೊದಲೇ ವ್ಯಾಸಲೀನ್ ಹಚ್ಚಿರಿ. ಮೇಲೆ ವಾಸಿಯಾದಂತೆ ಕಂಡರೂ ಗಾರೆ ಮತ್ತೆ ಗಟ್ಟಿಯಾಗಲು ವಾರಗಳು ಬೇಕು. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಿ, ಏಕೆಂದರೆ ಲೇತ್ ಎಣ್ಣೆಯಿಂದಲೂ ಇಂಥದೇ ತುರಿ ಬರುತ್ತದೆ.

ಹೊಲದಲ್ಲಿ ಕೀಟನಾಶಕ ತಗಲಿದ ಕೈಯ ಮಾತು ಬೇರೆ. ಆಗ ಮೃದುವಾದ ಸೋಪನ್ನು ಹುಡುಕುತ್ತ ಕೂರದೆ, ಸಿಕ್ಕಿದ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ಕೂಡಲೇ ತೊಳೆಯಿರಿ.